ಹಿರಿಯರ ಬೀಗ

ಪರದೆಯ ಮೇಲಿನ ಸಾಲುಗಳೆಲ್ಲ ಹಸಿರಾಗಿದ್ದವು, ಒಂದನ್ನು ಬಿಟ್ಟು. ನಿರ್ದೇಶಕ ಕುಬಾತ್‌ಬೆಕ್ ಝುಮಾಯೆವಿಚ್ ಆ ಒಂದರ ಮೇಲೆಯೇ ಬೆರಳಿಟ್ಟ. ಆಗಷ್ಟೇ ಕರಿದ ಬೊರ್ಸೊಕ್ ಹಿಟ್ಟಿನುಂಡೆ ತಿಂದು ಬಂದಿದ್ದ. ಬೆರಳ ಎಣ್ಣೆ ಗಾಜಿಗೆ ಮೆತ್ತಿಕೊಂಡಿತು.

"ಇದ್ಯಾಕೆ ಕೆಂಪು?" ಎಂದ.

ಉಪೆಲ್ ಉತ್ತರ ಕೊಡುವ ಮೊದಲು ಆ ಎಣ್ಣೆಯನ್ನು ತೋಳಿನಿಂದ ಒರೆಸಿದಳು. ಕೆಂಪು ಸಾಲಿನ ತುದಿಯಲ್ಲಿ ಯಾರ ಹೆಸರಿದೆ ಎಂಬುದು ದಪ್ಪ ಅಕ್ಷರಗಳಲ್ಲಿ ಕಾಣುತ್ತಿತ್ತು. ನಿರ್ದೇಶಕನಿಗೆ ಓದಲು ಬರುತ್ತಿತ್ತು, ಅಷ್ಟರಮಟ್ಟಿಗೆ ಅವನನ್ನು ನಂಬಬಹುದು. ಆದರೂ ಕೇಳಿದ. ಆ ಹೆಸರು ಶಾರ್ಶೆನಾಲಿಯದು, ಶಾರ್ಶೆನಾಲಿ ಉಪೆಲಳ ಮಾವ, ಮಾವನ ಹೆಸರನ್ನು ಸೊಸೆಯಾದವಳು ಬಾಯಲ್ಲಿ ತರುವಂತಿಲ್ಲ. ಅವಳು ಹೇಗೆ ತಪ್ಪಿಸಿಕೊಳ್ಳುತ್ತಾಳೆ ನೋಡೋಣ ಎಂಬುದು ಆ ಕಚೇರಿಯ ಗಂಡಸರಿಗೆ ವರ್ಷಗಟ್ಟಲೆಯಿಂದ ನಡೆದುಬಂದ ಬಿಟ್ಟಿ ಮನರಂಜನೆ.

"ನಮ್ಮನೆ ಹಿರಿಯರದು," ಎಂದಳು.

"ಯಾವ ಹಿರಿಯರು ತಂಗಿ? ನಾರಿನ್‌ನಲ್ಲಿ ಹಿರಿಯರಿಗೇನು ಬರವಾ?"

ಪಕ್ಕದ ಮೇಜಿನ ಇಬ್ಬರು ಹಲ್ಲು ಗಿಂಜಿದರು. ಉಪೆಲ್ ಅವರತ್ತ ನೋಡಲೂ ಇಲ್ಲ. ಅವರಿಬ್ಬರ ಕೆಲಸವೇನೆಂದು ಅವಳಿಗೆ ಇಂದಿಗೂ ಗೊತ್ತಾಗಿರಲಿಲ್ಲ, ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ನಾರಿನ್ ಊರಿನ, ಬೆಟ್ಟದ ರಸ್ತೆಗಳ ಹಿಮ ಎಚ್ಚರಿಕೆಯ ಕಚೇರಿ ಅದು. ಘಟ್ಟದ ತಲೆಯಲ್ಲಿರುವ ಠಾಣೆಗಳ ಕಾವಲಿನವರು ದಿನಾ ಬೆಳಿಗ್ಗೆ ಹಿಮದ ಆಳ ಅಳೆದು ಅಂಕಿ ಕಳಿಸುತ್ತಾರೆ. ಅದನ್ನು ನೋಡಿ ರಸ್ತೆ ತೆರೆಯಬೇಕೋ ಮುಚ್ಚಬೇಕೋ ಎಂದು ಕಚೇರಿ ಹೇಳುತ್ತದೆ. ಆ ಅಂಕಿಗಳು ಇಂಟರ್‌ನೆಟ್ಟಿನ ಬಯಲಲ್ಲಿ ಓಡಾಡಬಾರದು, ದಾರಿಯಲ್ಲಿ ಯಾರೂ ಕೈಯಾಡಿಸಬಾರದು ಎಂದು ಅವುಗಳಿಗೊಂದು ಸುರಂಗ, ಅಂದರೆ ವಿಪಿಎನ್. ಸುರಂಗದ ಬಾಯಲ್ಲಿ ಕೂತ ಸರ್ವರ್ ಉಪೆಲಳ ಕೈಯಲ್ಲಿತ್ತು. ನವೆಂಬರಿನಿಂದ ಹಳೆಯ ಆವೃತ್ತಿಯ ಸರ್ವರ್‌ಗಳ ಜೊತೆ ತಾವು ಮಾತಾಡುವುದಿಲ್ಲ ಎಂದು ರಾಜಧಾನಿಯವರು ಬೇಸಿಗೆಯಲ್ಲೇ ಹೇಳಿದ್ದರು. ಹಾಗಾಗಿ ಅವಳು ಹೊಸ ಯಂತ್ರದ ಮೇಲೆ ಹೊಸ ಆವೃತ್ತಿ ಹಾಕಿ, ಆ ಮಧ್ಯಾಹ್ನ ಪರೀಕ್ಷೆಗೆಂದು ಓಡಿಸಿದ್ದಳು. ಠಾಣೆಗಳೆಲ್ಲ ಬಂದು ಸೇರಿಕೊಂಡವು. ಅವುಗಳ ಸಂಪರ್ಕದ ಪೆಟ್ಟಿಗೆಗಳನ್ನು ಅವಳೇ ಜೀಪಿನಲ್ಲಿ ಘಟ್ಟ ಸುತ್ತಿ ಬದಲಿಸಿ ಬಂದಿದ್ದಳು. ಹೊರಗೆ ಉಳಿದದ್ದು ಒಂದೇ ಒಂದು, ತನ್ನದೇ ಮನೆಯ ಊಟದ ಜಾಗದಲ್ಲಿ ಕೂತಿದ್ದ ಕಪ್ಪು ಲ್ಯಾಪ್‌ಟಾಪ್.

ಅದು ಬ್ಲೋಫಿಶ್ ಎಂಬ ಗೂಢಲಿಪಿಯನ್ನೇ ನಂಬಿಕೊಂಡಿತ್ತು. ಒಂದು ಕಾಲಕ್ಕೆ ಗಟ್ಟಿ ಬೀಗವೇ. ಈಗ ಅದನ್ನು ಒಡೆಯುವ ಬಗೆಯನ್ನು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಹಿಂದಿನ ಆವೃತ್ತಿ ಈ ಬೀಗವನ್ನು ಕಂಡಾಗಲೆಲ್ಲ ಎಚ್ಚರಿಕೆ ಬರೆದು, ಗೊಣಗಿ, ಕೊನೆಗೆ ಒಳಗೆ ಬಿಡುತ್ತಿತ್ತು. ಹೊಸದು ಗೊಣಗುವುದಿಲ್ಲ, ಬಾಗಿಲನ್ನೇ ತೆರೆಯುವುದಿಲ್ಲ. ತೆರೆಸಬೇಕೆಂದರೆ ದಾರಿಯೇನೋ ಇತ್ತು. ಒಪ್ಪಿತವಾದ ಬೀಗಗಳ ಸಾಲಿಗೆ ಬ್ಲೋಫಿಶ್ ಎಂದು ಸೇರಿಸಬೇಕು. ಬೀಗ ಆರಿಸಿಕೊಳ್ಳುವ ಹೊಸ ಮಾತುಕತೆ ಬಾರದ ಯಂತ್ರಗಳಿಗೆ ಇದೇ ಗತಿ ಎಂದು ಇನ್ನೊಂದು ಸಾಲು ಬರೆಯಬೇಕು. ಮೂಲೆಗೆಸೆದ ಹಳೆಯ ಬೀಗಗಳ ಗಂಟನ್ನು ಮತ್ತೆ ಬಿಚ್ಚೆಂದು ಸರ್ವರ್‌ಗೆ ಅಪ್ಪಣೆ ಕೊಡಬೇಕು. ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಹಿಂದಿನ ಸಲ ಅಂಥದೇ ಒಂದು ಸಾಲನ್ನು ಉಪೆಲಳೇ ಬರೆದು, ಪಕ್ಕದಲ್ಲಿ 'ತಾತ್ಕಾಲಿಕ' ಎಂದು ಟಿಪ್ಪಣಿ ಹಾಕಿದ್ದಳು. ಆ ಕಚೇರಿಯಲ್ಲಿ ತಾತ್ಕಾಲಿಕ ಎಂದು ಹಚ್ಚಿದ ಸುಣ್ಣವೂ ಸೋವಿಯತ್ ಕಾಲದಿಂದ ಹಾಗೇ ಇದೆ.

"ಹೋದ ಸಲದ ಹಾಗೇ ಒಂದು ಸಾಲು ಹಾಕು ತಂಗಿ," ಎಂದ ನಿರ್ದೇಶಕ. "ನಿನ್ನ ಗಂಟೇನು ಹೋಗುತ್ತೆ?"

ಹಳೆಯ ಬೀಗ ಒಪ್ಪುವ ಸರ್ವರ್ ಅಂದರೆ ರಾಜಧಾನಿಯವರು ಒಪ್ಪುವುದಿಲ್ಲ ಎಂದು ಉಪೆಲ್ ಹೇಳಿದಳು.

"ಅವರೇನು ಸರ್ವರ್ ಒಳಗೆ ಬಗ್ಗಿ ನೋಡ್ತಾರಾ? ಶುಕ್ರವಾರ ತಪಾಸಣೆ ಅಂತ ಬರ್ತಾರೆ, ಅತಿಥಿಗಿಡೋ ಕುರಿ ತಲೆ ಎಲ್ಲಿ ಅಂತ ನೋಡ್ತಾರೆ. ನೋಡು, ಹಾಕು ಅಂತ ನಾನು ಹೇಳಲ್ಲ. ತೆಗಿ ಅಂತಾನೂ ಹೇಳಲ್ಲ. ನಿನ್ನ ಮಾವನ ಕೈಯ ರೊಟ್ಟಿ ತಿಂದೋನು ನಾನು. ಶುಕ್ರವಾರ ಈ ಪರದೆ ಮೇಲೆ ಕೆಂಪು ಕಾಣಬಾರದು, ಅಷ್ಟೆ."

ಕೆಂಪು ಹೋಗಲು ಎರಡು ದಾರಿಗಳಿದ್ದವು. ಮುದುಕನನ್ನು ಒಳಗೆ ಬಿಡುವುದು ಒಂದು, ಅವನ ಹೆಸರನ್ನೇ ಅಳಿಸುವುದು ಇನ್ನೊಂದು. ಯಾವುದೆಂದು ಹೇಳದಷ್ಟು ಜಾಣತನ ಇದ್ದುದರಿಂದಲೇ ಕುಬಾತ್‌ಬೆಕ್ ಝುಮಾಯೆವಿಚ್ ಆ ಕುರ್ಚಿಯವರೆಗೆ ಬಂದಿದ್ದ. ಉಪೆಲ್ ಪರೀಕ್ಷೆ ನಿಲ್ಲಿಸಿ ಹಳೆಯ ಸರ್ವರನ್ನೇ ಮತ್ತೆ ಎಬ್ಬಿಸಿದಳು. ಮನೆಯಲ್ಲಿ ಮಾವ ಮಧ್ಯಾಹ್ನದ ನಿದ್ದೆಯಲ್ಲಿದ್ದಿರಬೇಕು, ಅವನಿಗೆ ಏನೂ ತಿಳಿಯಲಿಲ್ಲ.

ಶಾರ್ಶೆನಾಲಿಯ ಬಗ್ಗೆ ಒಳ್ಳೆಯದನ್ನು ಹೇಳುವುದು ಸುಲಭ, ಊರೆಲ್ಲ ಅದನ್ನೇ ಹೇಳುತ್ತದೆ. ಘಟ್ಟದ ಠಾಣೆಗಳನ್ನು ಮೊದಲು ಹೆಣೆದವನು ಅವನು. ಆಂಟೆನಾವನ್ನು ಕುದುರೆಯ ಮೇಲೆ ಹೇರಿ, ಕುರಿಗಾಹಿಗಳ ಡೇರೆಯಲ್ಲಿ ಮಲಗಿ, ತಂತಿ ಎಳೆದು, ಸುರಂಗ ಕಟ್ಟಿ, ಯಾರಿಗೂ ಅರ್ಥವಾಗದ ಕಾಲದಲ್ಲಿ ಅದಕ್ಕೆ ಬ್ಲೋಫಿಶ್ ಬೀಗ ಹಾಕಿದ್ದ. ಕಾವಲಿನವರು ಅವನನ್ನು ಗುರುಗಳೇ ಎಂದು ಕರೆಯುತ್ತಿದ್ದರು. ಎಲ್ಲ ನಿಜ. ನಿಜವಲ್ಲದ್ದು ಒಂದೇ, ಅವನು ನಿವೃತ್ತನಾದನೆಂಬುದು. ಬೀಳ್ಕೊಡುಗೆಗೆ ಕುದುರೆ ಕೊಟ್ಟರು, ನಿಲುವಂಗಿ ಹೊದಿಸಿದರು, ಭಾಷಣ ಮಾಡಿದರು. ಸರ್ವರಿನಿಂದ ಅವನ ಹೆಸರು ತೆಗೆಯಲು ಮಾತ್ರ ಯಾರಿಗೂ ಎದೆ ಬರಲಿಲ್ಲ. ತೆಗೆದರೆ ನೀನು ಸತ್ತೆ ಎಂದು ಮುಖಕ್ಕೆ ಹೇಳಿದಂತೆ ಎಂದು ಅವರಿಗೆಲ್ಲ ಅನಿಸಿತು.

ಹಾಗಾಗಿ ಅವನು ದಿನಾ ಬೆಳಿಗ್ಗೆ ಬಿಳಿ ಟೊಪ್ಪಿಗೆ ಇಟ್ಟುಕೊಂಡು, ಬಾಗಿಲಿಗೆ ಎದುರಾದ ಹಿರಿಯರ ಜಾಗದಲ್ಲಿ ಚಕ್ಕಳಮಕ್ಕಳ ಕೂತು, ಮೊದಲ ಬಟ್ಟಲು ಚಹಾ ಮುಗಿಸಿ ಲ್ಯಾಪ್‌ಟಾಪ್ ತೆರೆಯುತ್ತಿದ್ದ. ಹೊಸ ಪ್ರೋಗ್ರಾಂ ಒಳಗಿಳಿಯಲಾರದಷ್ಟು ಹಳೆಯ ಯಂತ್ರ ಅದು. ಮಗ ಮಿರ್ಲಾನ್ ರಾಜಧಾನಿಯಿಂದ ಹೊಸದೊಂದು ತಂದುಕೊಟ್ಟರೆ, ಆಟದ ಸಾಮಾನು ಮಕ್ಕಳಿಗೆ ಕೊಡು ಎಂದು ಪೆಟ್ಟಿಗೆಯ ಸಮೇತ ಸಂದೂಕಕ್ಕೆ ಹಾಕಿಸಿದ್ದ. ಠಾಣೆಗಳ ಅಂಕಿಗಳು ಕಚೇರಿಗೆ ಮುಟ್ಟಿದೊಡನೆ ಅವನಿಗೂ ಕಾಣುತ್ತಿದ್ದವು. ಮೂಗು ಮುರಿದು, ಫೋನ್ ತೆಗೆದು, ಒಬ್ಬೊಬ್ಬರನ್ನೇ ವಿಚಾರಿಸಿಕೊಳ್ಳುತ್ತಿದ್ದ. ಕೈಯಲ್ಲಿರೋದು ಅಳೆಯೋ ಕೋಲೋ ದನ ಕಾಯೋ ಕೋಲೋ ಎಂದು ಕೇಳುತ್ತಿದ್ದ. ಅವನ ತಿರಸ್ಕಾರಕ್ಕೆ ಹೊರತಾದವರು ಯಾರೂ ಇರಲಿಲ್ಲ. ಕಾವಲಿನವರು ಕುರುಡರು, ನಿರ್ದೇಶಕ ಕುರಿ, ರಾಜಧಾನಿಯವರು ಕುರಿ ತಿನ್ನುವವರು, ಮಗ ಚಕ್ರ ತಿರುಗಿಸುವವನು. ಸೊಸೆಯ ಸರ್ವರ್ ಸೊಸೆಯ ಸಾರಿನ ಹಾಗೆ ಬಿಸಿ ಇರುತ್ತದೆ, ರುಚಿ ಇರುವುದಿಲ್ಲ ಎಂದು ಬಂದವರೆದುರು ಹೇಳುತ್ತಿದ್ದ. ಉಪೆಲ್ ಎದುರಾಡುವಂತಿರಲಿಲ್ಲ. ಸಾರು ಬಡಿಸುತ್ತ, ಅಷ್ಟೇ ತೂಕದ ತಿರಸ್ಕಾರವನ್ನು ಮನಸ್ಸಿನಲ್ಲೇ ತೂಗಿ ಹಿಂದಿರುಗಿಸುತ್ತಿದ್ದಳು.

ಇಬ್ಬರೂ ಒಂದೇ ಮನಸ್ಸಿನವರಾದದ್ದು ಒಂದೇ ಒಂದು ಸಲ. ವಸಂತದ ಹಬ್ಬಕ್ಕೆಂದು ಬಂದ ಕುಬಾತ್‌ಬೆಕ್ ಝುಮಾಯೆವಿಚ್ ಏಳುವ ಸೂಚನೆಯೇ ಇಲ್ಲದೆ ತನ್ನ ಹೊಗಳಿಕೆಯನ್ನು ತಾನೇ ಹಾಡುತ್ತ ಕೂತಿದ್ದ. ಉಪೆಲ್ ಚಹಾ ಹೊಯ್ಯುತ್ತಿದ್ದಳು. ಗೌರವದವರಿಗೆ ಬಟ್ಟಲ ತಳ ಮುಚ್ಚುವಷ್ಟೇ ಹೊಯ್ಯುವುದು. ಮತ್ತೆ ಮತ್ತೆ ಚಾಚಲಿ, ಇನ್ನಷ್ಟು ಹೊತ್ತು ಕೂರಲಿ ಎಂದು. ಮದುವೆಯಾದಂದಿನಿಂದ ಅವಳು ಮಾವನಿಗೆ ಹಾಗೇ ಹೊಯ್ದುಕೊಂಡು ಬಂದವಳು. ಅಂದು ಮಾವ ನಿರ್ದೇಶಕನ ಬಟ್ಟಲನ್ನೂ ಅವಳನ್ನೂ ಒಮ್ಮೆ ನೋಡಿದ. ಅವಳು ಆ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದಳು. ತುಂಬಿದ ಬಟ್ಟಲೆಂದರೆ ಕುಡಿದು ಹೊರಡು ಎಂದು. ನಿರ್ದೇಶಕನಿಗೂ ಅಷ್ಟು ಗೊತ್ತಿತ್ತು. ಮಾತು ಅಲ್ಲಿಗೇ ನಿಲ್ಲಿಸಿ, ಗಟಗಟನೆ ಕುಡಿದು, ಟೊಪ್ಪಿಗೆ ಹುಡುಕಿದ. ಬಾಗಿಲು ಮುಚ್ಚಿದ ಮೇಲೆ ಮುದುಕ ಕೆಮ್ಮು ಬರುವವರೆಗೆ ನಕ್ಕ. ಉಪೆಲ್ ಅಡುಗೆಮನೆಗೆ ಹೋಗಿ ನಕ್ಕಳು.

ಅದಾಗಿ ಕೆಲವೇ ದಿನ, ಇನ್ನೂ ಮಾರ್ಚ್ ತಿಂಗಳೇ. ಅಕ್-ಬೆಲ್ ಘಟ್ಟದ ಕಾವಲಿನ ಓಮುರ್ಜಾಕ್ ಬೆಳಿಗ್ಗೆ ಅಳೆದು ಕಳಿಸಿದ ಅಂಕಿ ದೊಡ್ಡದಿತ್ತು, ರಸ್ತೆ ಮುಚ್ಚಿಸುವಷ್ಟು ದೊಡ್ಡದು. ಮುದುಕ ಫೋನ್ ಮಾಡಿದ. ಆ ಇಳಿಜಾರಿನಲ್ಲಿ ಅಷ್ಟು ಹಿಮ ನಿಲ್ಲುವುದಿಲ್ಲ, ಅದು ತಾನು ಓಡಾಡಿದ ಜಾಗ, ಗಾಳಿ ತಂದು ಕೋಲಿನ ಬುಡಕ್ಕೆ ಒಟ್ಟಿರುತ್ತದೆ, ಆಚೆ ಬದಿಗೆ ಹೋಗಿ ಅಳೆ ಎಂದ. ಉಪೆಲ್ ಚಹಾ ಹೊಯ್ಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಓಮುರ್ಜಾಕ್ ನಲವತ್ತು ದಾಟಿದ, ಗಡ್ಡ ನರೆತ, ಮೊಮ್ಮಗುವಿದ್ದ ಮನುಷ್ಯ. ಗುರುಗಳು ಹೇಳಿದರೆಂದು ಆಚೆ ಬದಿಗೆ ಹೋಗಿ ಅಳೆದು ಚಿಕ್ಕ ಅಂಕಿ ಬರೆದ. ರಸ್ತೆ ತೆರೆದೇ ಇತ್ತು. ಮಧ್ಯಾಹ್ನ ಇಳಿಜಾರು ಕಳಚಿ ಹುಲ್ಲಿನ ಲಾರಿಯೊಂದರ ಮೇಲೆ ಬಂತು. ಚಾಲಕನನ್ನು ಜೀವಂತವಾಗಿ ಅಗೆದು ತೆಗೆದರು. ಒಂದು ಕಾಲನ್ನು ಆಸ್ಪತ್ರೆಯಲ್ಲಿ ಕತ್ತರಿಸಬೇಕಾಯಿತು.

ವಿಚಾರಣೆ ನಡೆಯಿತು, ಪ್ರಕೃತಿಯ ಮೇಲೆ ಹಾಕಿ ಎಲ್ಲರೂ ಕೈ ತೊಳೆದುಕೊಂಡರು. ನಿರ್ದೇಶಕ ಏನನ್ನೂ ಕೇಳಲಿಲ್ಲ, ಓಮುರ್ಜಾಕ್ ಏನನ್ನೂ ಹೇಳಲಿಲ್ಲ. ಉಪೆಲಳನ್ನು ಕೇಳಿದಾಗ ಸರ್ವರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದಳು. ಅದೇನೂ ಸುಳ್ಳಲ್ಲ. ಹೇಡಿಗಳಿಗೆ ಇಂಥ ಸತ್ಯಗಳು ಬಹಳ ಒದಗಿಬರುತ್ತವೆ. ಮುದುಕ ಕೆಲವು ದಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ, ರೊಟ್ಟಿಯನ್ನೂ ಅರ್ಧಕ್ಕೆ ಬಿಟ್ಟ. ಯಾರೂ ಏನೂ ಅನ್ನದಿದ್ದುದನ್ನು ನೋಡಿ ಮತ್ತೆ ತೆರೆದ.

ಪರೀಕ್ಷೆ ನಿಲ್ಲಿಸಿ ಬಂದ ಆ ಸಂಜೆ ಉಪೆಲ್ ಅಂಗಳದಲ್ಲಿ ಕಲ್ಲಿದ್ದಲು ತುಂಬುತ್ತ ಗಂಡನಿಗೆ ವಿಷಯ ಹೇಳಿದಳು. ಮಿರ್ಲಾನ್ ನಾರಿನ್‌ನಿಂದ ರಾಜಧಾನಿಗೆ ಬಾಡಿಗೆ ಕಾರು ಓಡಿಸುತ್ತಿದ್ದವನು. ಅಕ್-ಬೆಲ್ ಹತ್ತದೆ ಅವನ ಹೊಟ್ಟೆ ತುಂಬುತ್ತಿರಲಿಲ್ಲ. ಆದ್ದರಿಂದ ಅವನಿಗಾದರೂ ಅರ್ಥವಾದೀತು ಎಂದುಕೊಂಡಿದ್ದಳು.

"ಅವರಿನ್ನು ಎಷ್ಟು ದಿನ ಇರ್ತಾರೆ?" ಎಂದ ಅವನು, ತಂದೆಯ ಮೇಲಿನ ಪ್ರೀತಿಯಿಂದಲೇ. "ಇರೋವರೆಗೆ ಇಟ್ಕೋ. ಆಮೇಲೆ ತೆಗಿ."

"ದಿನಾ ಆ ಘಟ್ಟ ಹತ್ತೋನು ನೀನು."

"ಹತ್ತಿದ್ರೆ ಏನೀಗ? ಬಿದ್ದಿದ್ದು ಲಾರಿ ಮೇಲೆ. ನನ್ನ ಮೇಲೆ ಬಿತ್ತಾ?"

ಇಂಥ ಮಾತಿಗೆ ಉತ್ತರ ಕೊಡುವುದು ಕಲ್ಲಿದ್ದಲು ತೊಳೆದಂತೆ. ಆದರೂ ಉಪೆಲ್ ಹೇಳಿದಳು. ಬೀಗದ ಸಾಲು ಹಾಕಿದರೆ ಈ ಚಳಿಗಾಲವೂ ಹಾಗೇ, ಘಟ್ಟದಲ್ಲಿ ಕಂಡದ್ದನ್ನು ಇಲ್ಲಿ ಕೂತು ತಿದ್ದುತ್ತಾರೆ. ಹಾಕದಿದ್ದರೆ ಅವರಿಗೆ ಅಂಕಿಗಳು ಕಾಣುವುದಿಲ್ಲ. ಕಾಣದ್ದನ್ನು ಇನ್ನೊಬ್ಬರಿಂದ ಕೇಳಿ ತಿಳಿದುಕೊಳ್ಳುವ ಜಾಯಮಾನ ಅವರದಲ್ಲ, ಅಲ್ಲಿಗೆ ನಿಲ್ಲುತ್ತದೆ.

ಮಿರ್ಲಾನ್ ಬಕೆಟ್ಟನ್ನು ಕೆಳಗಿಟ್ಟ. "ನಮ್ಮಪ್ಪ ಕಟ್ಟಿದ ಬಾಗಿಲನ್ನ ಅವರ ಮುಖಕ್ಕೇ ಮುಚ್ಚಿದವಳು ಸೊಸೆ ಅಂತ ಊರು ಮಾತಾಡಿದ್ರೆ ನಾನು ಮುಖ ಎಲ್ಲಿಡ್ಲಿ? ಮುಚ್ಚಲೇಬೇಕು ಅಂದ್ರೆ ತವರಿಗೆ ಹೋಗು, ಅಲ್ಲಿ ಕೂತು ಮುಚ್ಚು. ಈ ಮನೆಯಿಂದ ಬೇಡ."

ಕೋಪದಲ್ಲಿ ಹೇಳಿದ್ದರೆ ಆಮೇಲೆ ಆರಬಹುದಿತ್ತು. ಅವನು ತಣ್ಣಗೆ ಹೇಳಿದ, ಬಕೆಟ್ ಎತ್ತಿಕೊಂಡು ಒಳಗೆ ಹೋದ.

ಮರುದಿನ ಕುಬಾತ್‌ಬೆಕ್ ಝುಮಾಯೆವಿಚ್ ಹಲ್ಲುನೋವೆಂದು ಕಚೇರಿಗೆ ಬರಲಿಲ್ಲ. ಅವನ ಹಲ್ಲುಗಳಿಗೆ ಸಮಯಪ್ರಜ್ಞೆ ಜಾಸ್ತಿ. ಲಾರಿಯ ವಿಚಾರಣೆಯ ವಾರದಲ್ಲೂ ನೋವು ಕಾಣಿಸಿಕೊಂಡಿತ್ತು. ಮೇಜಿನ ಇಬ್ಬರು ಮಾತ್ರ ಇದ್ದರು, ಸೂರ್ಯಕಾಂತಿ ಬೀಜ ಸುಲಿಯುತ್ತ. ಉಪೆಲ್ ಹೊಸ ಸರ್ವರಿನ ಸೆಟ್ಟಿಂಗ್ ಕಡತವನ್ನು ತೆರೆದು ನೋಡುತ್ತ ಕೂತಳು. ಬ್ಲೋಫಿಶ್ ಎಂದು ಟೈಪ್ ಮಾಡಿದಳು, ಅಳಿಸಿದಳು, ಮತ್ತೆ ಟೈಪ್ ಮಾಡಿದಳು. ತವರಿನಲ್ಲಿ ಅಣ್ಣನ ಹೆಂಡತಿಯ ಮುಖ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಹಾಕಿಬಿಡುತ್ತೇನೆ, ಪಕ್ಕದಲ್ಲಿ ತಾತ್ಕಾಲಿಕ ಎಂದು ಬರೆಯುತ್ತೇನೆ ಎಂದುಕೊಂಡಳು. ಹಾಗೆ ಅಂದುಕೊಂಡ ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು. ಆದರೂ ಬೆರಳು ಅಲ್ಲೇ ಇತ್ತು.

ಆಗ ಅಕ್-ಬೆಲ್‌ನಿಂದ ಓಮುರ್ಜಾಕ್ ಫೋನ್ ಮಾಡಿದ. ರಾತ್ರಿಯಿಂದ ಹಿಮ ಬೀಳುತ್ತಿದೆ, ಈ ವರ್ಷ ಬೇಗ ಶುರುವಾಯಿತು, ಹೊಸ ಪೆಟ್ಟಿಗೆ ಚೆನ್ನಾಗಿದೆ, ಒಲೆಗೆ ಸೌದೆ ಸಾಕಷ್ಟಿದೆ ಎಂದೆಲ್ಲ ಸುತ್ತಿ ಬಳಸಿ ಹೇಳಿದ. ಆಮೇಲೆ ವಿಷಯಕ್ಕೆ ಬಂದ.

"ಅಕ್ಕ, ಗುರುಗಳು ಈ ಸಲಾನೂ ನೋಡ್ತಾರಾ?"

ತನಗಿಂತ ಹಿರಿಯನಾದವನು ಅಕ್ಕ ಎಂದು ಕರೆಯುವುದು ಅವಳಿಗೆ ಎಂದೂ ಹಿಡಿಸಿರಲಿಲ್ಲ. ಯಾಕೆ ಕೇಳುತ್ತೀಯ ಎಂದಳು.

"ಸುಮ್ನೆ. ಯಾವ ಕೋಲಿನ ಅಳತೆ ಬರೀಬೇಕು ಅಂತ ಮೊದ್ಲೇ ಗೊತ್ತಾದ್ರೆ ಒಳ್ಳೇದು."

"ನಿನ್ನ ಕಣ್ಣಿಗೆ ಕಾಣೋದನ್ನ ಬರಿ."

"ಹಾಗನ್ನೋದು ಸುಲಭ ಅಕ್ಕ. ಬೆಳಿಗ್ಗೆ ಫೋನ್ ಬರೋದು ನಂಗೆ. ಮಾರ್ಚ್‌ನಲ್ಲೂ ನಂಗೆ ಕಂಡಿತ್ತು."

ಉಪೆಲ್ ಫೋನ್ ಇಟ್ಟಳು. ಅವಳಿಗೆ ಮೊದಲು ಬಂದದ್ದು ಆ ನರೆತ ಗಡ್ಡದ ಮೇಲಿನ ಸಿಟ್ಟು. ಕಾಲು ಕಳೆದುಕೊಂಡವನ ಮನೆಗೆ ಅವನು ಒಮ್ಮೆ ಹುಲ್ಲು ಹೊತ್ತುಕೊಂಡು ಹೋಗಿದ್ದನಂತೆ, ಬಾಗಿಲಲ್ಲೇ ಇಟ್ಟು ಓಡಿ ಬಂದಿದ್ದನಂತೆ. ಇಷ್ಟೆಲ್ಲ ಆದ ಮೇಲೂ ಯಾವ ಸುಳ್ಳು ಬರೆಯಲಿ ಎಂದು ಮೊದಲೇ ಕೇಳಿಕೊಳ್ಳುತ್ತಿದ್ದಾನೆ. ಆದರೆ ಅವನು ಕೇಳಿದ್ದು ಯಾರನ್ನು? ಸರ್ವರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದವಳನ್ನು. ಮಾರ್ಚ್‌ನಲ್ಲಿ ಚಹಾ ಹೊಯ್ಯುತ್ತ ನಿಂತವಳನ್ನು. ಪರದೆಯ ಮೇಲೆ ಟೈಪಾದ ಬ್ಲೋಫಿಶ್ ಇನ್ನೂ ಹಾಗೇ ಇತ್ತು.

ಅವಳು ಅದನ್ನು ಅಳಿಸಿದಳು. ಹಳೆಯ ಕಡತದಿಂದ ಬಂದಿದ್ದ ತಾತ್ಕಾಲಿಕದ ಸಾಲನ್ನೂ ಟಿಪ್ಪಣಿಯ ಸಮೇತ ಅಳಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಬೀಗದ ನೆಪ ಇರುತ್ತಿತ್ತು. ಯಂತ್ರ ಹಳೆಯದಾಯಿತು ಮಾವ, ನಾನೇನು ಮಾಡಲಿ ಎನ್ನಬಹುದಿತ್ತು. ಆದರೆ ನಾಳೆಯೇ ಮಿರ್ಲಾನ್ ಸಂದೂಕದಿಂದ ಹೊಸ ಲ್ಯಾಪ್‌ಟಾಪ್ ತೆಗೆದು ಅಪ್ಪನ ಹಳೆಯ ಕೀಲಿಯನ್ನು ಅದರೊಳಗೆ ಹಾಕಿಕೊಡುತ್ತಾನೆ, ಎಲ್ಲ ಮೊದಲಿನಂತಾಗುತ್ತದೆ. ಆ ಕೀಲಿಯನ್ನೇ ರದ್ದು ಮಾಡಬೇಕಿತ್ತು. ರದ್ದು ಮಾಡುವ ಅಪ್ಪಣೆಯ ಮುಂದೆ ಯಾರದೆಂದು ಬರೆಯಬೇಕು. ನಮ್ಮನೆ ಹಿರಿಯರು ಎಂದರೆ ಯಂತ್ರಕ್ಕೆ ತಿಳಿಯುವುದಿಲ್ಲ. ಉಪೆಲ್ ಆ ಹೆಸರನ್ನು ಒಂದೊಂದೇ ಅಕ್ಷರವಾಗಿ ಟೈಪ್ ಮಾಡಿದಳು. ತುಟಿ ಬಿಗಿಹಿಡಿದಿದ್ದಳು. ಬೀಜ ಸುಲಿಯುತ್ತಿದ್ದವರಲ್ಲಿ ಒಬ್ಬ ಹಿಂದಿನಿಂದ ಬಗ್ಗಿ ನೋಡಿದ. ನಗಲು ಬಾಯಿ ತೆರೆದವನು ಅದನ್ನು ಮುಚ್ಚಿಕೊಂಡು ಕಿಟಕಿಯತ್ತ ಹೋಗಿ ನಿಂತ.

ಸರ್ವರ್ ಎದ್ದಿತು. ಠಾಣೆಗಳು ಬಂದು ಸೇರಿಕೊಂಡವು. ಕೆಂಪು ಸಾಲು ಎಲ್ಲಿಯೂ ಇರಲಿಲ್ಲ. ನಿರ್ದೇಶಕನಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗಿಯೂ ಇರಲಿಲ್ಲ.

ಬೆಳಿಗ್ಗೆ ಬಿಸಿಲು ಹೊಳೆಯುತ್ತಿತ್ತು. ಪಾಪ್ಲರ್ ಮರಗಳ ಕೊನೆಯ ಎಲೆಗಳು ಅಂಗಳದಲ್ಲಿ ಬಿದ್ದಿದ್ದವು. ಊರಿನಲ್ಲಿ ಹಿಮದ ಸುಳಿವೂ ಇರಲಿಲ್ಲ. ಉಪೆಲ್ ಎದ್ದೊಡನೆ ತನ್ನ ಬಟ್ಟೆಗಳನ್ನು ಒಂದು ಚೀಲಕ್ಕೆ ಹಾಕಿ ಬಾಗಿಲ ಹಿಂದೆ ಇಟ್ಟಿದ್ದಳು. ಆಮೇಲೆ ರೊಟ್ಟಿ ಮುರಿದು ಹಾಕಿದಳು, ಕೆನೆ ತಂದಿಟ್ಟಳು, ಚಹಾದ ಕುಡಿಕೆ ಹಿಡಿದು ತನ್ನ ಜಾಗದಲ್ಲಿ ಕೂತಳು. ಮಿರ್ಲಾನ್ ಆಗಲೇ ಕೋಟು ಹಾಕಿಕೊಂಡು, ಹೊರಡುವ ಅವಸರದಲ್ಲಿ ಅರ್ಧ ಮಂಡಿಯೂರಿ ಕೂತು ತಿನ್ನುತ್ತಿದ್ದ.

ಮುದುಕ ಮೊದಲ ಬಟ್ಟಲು ಮುಗಿಸಿ ಲ್ಯಾಪ್‌ಟಾಪ್ ತೆರೆದ. ಸ್ವಲ್ಪ ಹೊತ್ತು ಕಾದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ಒತ್ತಿದ. ಮೂರನೆಯ ಸಲ ಒತ್ತಲಿಲ್ಲ. ಪರದೆಯ ಮೇಲೆ ಬಂದ ಸಾಲುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಅವನಿಗೆ ಅವು ಅರ್ಥವಾಗುತ್ತಿದ್ದವು. ಆ ಭಾಷೆಯನ್ನು ಈ ಊರಿಗೆ ತಂದವನೇ ಅವನು.

"ತೆಗೆದಿದ್ದು ಬೀಗಾನಾ, ನನ್ನನ್ನಾ?" ಎಂದ. ತಲೆ ಎತ್ತಿರಲಿಲ್ಲ.

ಉಪೆಲ್ ಕುಡಿಕೆಯನ್ನು ಕೆಳಗಿಟ್ಟಳು.

"ಎರಡನ್ನೂ, ಮಾವ."

ಮಿರ್ಲಾನ್ ತುತ್ತು ನುಂಗಿ, ತಾನು ಬೇಡವೆಂದೇ ಹೇಳಿದ್ದೆ, ತನ್ನ ಮಾತು ಮೀರಿ ಮಾಡಿದ್ದಾಳೆ ಎಂದು ಶುರುಮಾಡಿದ. ಮುದುಕ ಕೈ ಎತ್ತಿ ನಿಲ್ಲಿಸಿದ.

"ಯಾರು ಹೇಳಿದ್ದು ತೆಗಿ ಅಂತ? ಆ ಕುಬಾತ್‌ಬೆಕ್‌ನಾ?"

"ಯಾರೂ ಹೇಳಲಿಲ್ಲ. ಅವರಿಗೆ ಹಲ್ಲುನೋವು."

ಮುದುಕನ ಮೂಗಿನಿಂದ ಒಂದು ಸದ್ದು ಬಂತು. ವಸಂತದ ಹಬ್ಬದ ದಿನ ಕೆಮ್ಮಾಗುವ ಮೊದಲು ಬಂದಿದ್ದು ಇದೇ ಸದ್ದು. ಅಷ್ಟರಲ್ಲಿ ಮಿರ್ಲಾನನ ಫೋನ್ ಕಿರುಗುಟ್ಟಿತು. ಓದಿದವನು ಎದ್ದು ಕಿಟಕಿಗೆ ಹೋದ. ಅಕ್-ಬೆಲ್ ಮುಚ್ಚಿದ್ದರು. ಹೊರಗೆ ಬಿಸಿಲು ಹೊಡೆಯುತ್ತಿದೆ, ಆ ಓಮುರ್ಜಾಕ್‌ಗೆ ತಲೆ ಕೆಟ್ಟಿದೆ, ನಿಲ್ದಾಣದಲ್ಲಿ ಜನ ಸಾಮಾನು ಹಿಡಿದು ಕಾಯುತ್ತಿದ್ದಾರೆ ಎಂದು ಗೊಣಗಿದ. ಆಮೇಲೆ ತಂದೆಯ ಫೋನನ್ನು ನೆಲದಿಂದ ಎತ್ತಿ ಅವನ ಮುಂದೆ ಹಿಡಿದ.

"ಅಪ್ಪ, ನೀವೊಂದು ಮಾತು ಹೇಳಿ ಅವನಿಗೆ. ಆಚೆ ಬದಿಗೆ ಹೋಗಿ ಅಳೀಲಿ."

ಮುದುಕ ಫೋನ್ ತೆಗೆದುಕೊಂಡ. ಅಭ್ಯಾಸವಾದ ಹೆಬ್ಬೆರಳು ತಾನಾಗಿಯೇ ಓಮುರ್ಜಾಕ್‌ನ ಹೆಸರಿನವರೆಗೆ ಹೋಯಿತು. ಉಪೆಲ್ ಆ ಬೆರಳನ್ನೇ ನೋಡುತ್ತಿದ್ದಳು. ಅದು ಅಲ್ಲಿ ಬಹಳ ಹೊತ್ತು ನಿಂತಿತು. ಕೊನೆಗೆ ಅವನು ಫೋನನ್ನು ಬೋರಲಾಗಿ ಊಟದ ಬಟ್ಟೆಯ ಮೇಲಿಟ್ಟ, ಲ್ಯಾಪ್‌ಟಾಪಿನ ಮುಚ್ಚಳವನ್ನೂ ಮುಚ್ಚಿದ.

"ಕೋಟು ಬಿಚ್ಚು," ಎಂದ ಮಗನಿಗೆ.

ಮಿರ್ಲಾನ್ ನಿಂತೇ ಇದ್ದ. ತಂದೆ ಇನ್ನೊಮ್ಮೆ ನೋಡಿದ ಮೇಲೆ ಗುಂಡಿಗಳನ್ನು ಬಿಚ್ಚತೊಡಗಿದ.

"ಮಾರ್ಚ್‌ನಲ್ಲೇ ತೆಗೀಬೇಕಾಗಿತ್ತು," ಎಂದ ಮುದುಕ, ಸೊಸೆಯ ಕಡೆ ತಿರುಗಿ. "ಕಚೇರಿ ತುಂಬ ಜನ ಇದ್ರಿ. ಮನೇಲಿ ನೀವಿಬ್ರು ಇದ್ರಿ. ಒಬ್ಬರಿಗೂ ಕೈ ಬರಲಿಲ್ಲ."

ಅದರಲ್ಲಿ ಮೆಚ್ಚುಗೆ ಇರಲಿಲ್ಲ. ಸಾರಿನ ಬಗ್ಗೆ ಹೇಳುವಾಗಿನ ಅದೇ ದನಿ, ಅದೇ ತಿರಸ್ಕಾರ. ಈ ಸಲ ಅದು ಆ ಮುದುಕನನ್ನೂ ಬಿಟ್ಟಿರಲಿಲ್ಲ. ಉಪೆಲ್ ತಲೆ ತಗ್ಗಿಸಲಿಲ್ಲ. ತಗ್ಗಿಸಬೇಕೆಂಬುದು ಅವಳಿಗೆ ನೆನಪಾಗಲಿಲ್ಲ.

"ಬಾಗಿಲ ಹಿಂದೆ ಅದ್ಯಾವುದೋ ಚೀಲ ಇದೆ," ಎಂದ ಅವನು. "ಕಾಲಿಗೆ ಸಿಕ್ಕುತ್ತೆ. ತೆಗೆದು ಒಳಗಿಡು."

ಆಮೇಲೆ ತನ್ನ ಬಟ್ಟಲನ್ನು ಅವಳತ್ತ ಚಾಚಿದ. ಅವಳು ಕುಡಿಕೆ ಎತ್ತಿ ಎಂದಿನಂತೆ ತಳ ಮುಚ್ಚುವಷ್ಟು ಹೊಯ್ದು ನಿಲ್ಲಿಸಿದಳು. ಮುದುಕ ಕೈ ಹಿಂದೆಗೆಯಲಿಲ್ಲ. ಅವಳು ಅವನ ಮುಖ ನೋಡಿದಳು, ಇನ್ನಷ್ಟು ಹೊಯ್ದಳು. ಕೈ ಅಲ್ಲೇ ಇತ್ತು. ಮಿರ್ಲಾನ್ ಅರ್ಧ ಬಿಚ್ಚಿದ ಕೋಟಿನಲ್ಲಿ ನಿಂತು ನೋಡುತ್ತಿದ್ದ. ಉಪೆಲ್ ಹೊಯ್ಯುತ್ತ ಹೋದಳು, ಚಹಾ ಅಂಚಿಗೆ ಬಂದು ಇನ್ನೊಂದು ಹನಿಗೂ ಜಾಗವಿಲ್ಲದಂತೆ ನಿಂತಿತು.

ಶಾರ್ಶೆನಾಲಿ ತುಂಬಿದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದಂತೆ ಬಾಯಿಯ ಹತ್ತಿರಕ್ಕೆ ತಂದುಕೊಂಡು, ನಿಧಾನವಾಗಿ ಕುಡಿಯತೊಡಗಿದ.